ಆಯಿಯ ಎಡ ಮೊಣಕೈ

ನೀರು ಸೋಕಿದ ವಿಭೂತಿಗೆ ಅದರದೇ ಒಂದು ವಾಸನೆ ಇದೆ. ಬೀದರಿನ ಈ ಮನೆಯಲ್ಲಿ, ಎರಡು ವರ್ಷಗಳಿಂದ ಮೇಲೇಳದ ಎಡಗೈ ಹೊತ್ತುಕೊಂಡು ಕೂತ ನನಗೆ, ಬೆಳಗ್ಗೆ ಆ ವಾಸನೆ ಬಂದರೆ ಸಾಕು, ಸಂತಪುರದ ಪಡಸಾಲೆ ಕಣ್ಣಿಗೆ ಕಟ್ಟುತ್ತದೆ. ಅದರ ಮೂಲೆಯಲ್ಲಿ ಮಣೆ, ಮಣೆಯ ಮೇಲೆ ಆಯಿ, ನನ್ನ ಅಪ್ಪನ ತಾಯಿ. ಆ ಮನೆ ಈಗಿಲ್ಲ. ಪಾಲಾದ ಮೇಲೆ ಕೆಡವಿದರು, ಅಲ್ಲಿ ಶಟರ್ ಇಳಿಬಿಟ್ಟ ಮೂರು ಅಂಗಡಿಗಳಿವೆ. ನಿಮ್ಮದೂ ಒಂದು ಮನೆ ಹೀಗೆ ಹೋಗಿರಬಹುದು, ಹೆಚ್ಚು ಹೇಳಬೇಕಾಗಿಲ್ಲ.

ಆಯಿಯ ಎಡಗೈ ಮುರಿದದ್ದು ಬಿದ್ದಲ್ಲ. ಬಾವಿಯ ಹತ್ತಿರ ಒದ್ದೆ ಸೀರೆ ಹಿಂಡುತ್ತಿದ್ದೆವು, ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಒಣ ತೊಗರಿ ಕಟ್ಟಿಗೆ ಮುರಿದ ಹಾಗೆ ಚಟ್ ಎಂದಿತು. ಆಯಿ ತೋಳು ಹಿಡಿದುಕೊಂಡು ಕೂತುಬಿಟ್ಟಳು. ಔರಾದಿನ ಕಡೆಯ ಎಲುಬು ಕಟ್ಟುವವನು ಬಿದಿರು ದಬ್ಬೆ ಇಟ್ಟು ಎರಡು ತಿಂಗಳು ಕಟ್ಟಿದ, ಕೂಡಲಿಲ್ಲ. ಆಮೇಲೆ ಬೀದರಿನ ದವಾಖಾನೆಯ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅಪ್ಪನಿಗೆ ಹೇಳಿದರು: "ನುಸಿ ಹಿಡಿದ ಜ್ವಾಳ ಆಗ್ಯಾದ ನೋಡ್ರಿ ಎಲುಬು. ಇನ್ನ ಕೂಡೂದಿಲ್ಲ." ಅಂದಿನಿಂದ ಆಯಿ ಆ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಓಡಾಡಿದಳು. ತಲೆ ಬಾಚಲು, ಕುಪ್ಪಸದ ಗಂಟು ಹಾಕಲು ಅವ್ವ ಬೇಕಾದಳು. ಇಡೀ ಓಣಿಗೆ ಕೇಳುತ್ತಿದ್ದ ಅವಳ ರೊಟ್ಟಿ ಬಡಿಯುವ ಸಪ್ಪಳ ನಿಂತೇಹೋಯಿತು. ಎಲ್ಲವನ್ನೂ ಬಿಟ್ಟುಕೊಟ್ಟಳು, ಒಂದನ್ನು ಬಿಡಲಿಲ್ಲ.

ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಎದೆಮಟ್ಟಕ್ಕೆ ಎತ್ತಿ ಹಿಡಿದು, ಬಲಗೈಯಿಂದ ಪೂಜಿಸುತ್ತಾರೆ. ಪೂಜೆಯಾಗದೆ ಆಯಿ ಗುಟುಕು ನೀರೂ ಕುಡಿಯುವವಳಲ್ಲ. "ಮಣಿ ಮ್ಯಾಲ ಇಟ್ಟು ಮಾಡ್ರಿ ಅತ್ತಿ, ಶಿವ ಏನ್ ಸಿಟ್ಟಾಗ್ತಾನ?" ಎಂದು ಅವ್ವ ಮಣೆ ತೋರಿಸಿ ಕೇಳಿದ್ದಳು. "ಅಂಗೈಯಾಗ ಇದ್ರ ಅದು ನಂದು. ಮಣಿ ಮ್ಯಾಲ ಇಟ್ರ ಊರ ಗುಡಿದು," ಎಂದಳು ಆಯಿ. ಹಾಗಾಗಿ ಒಂಬತ್ತು ವರ್ಷದ ನಾನು ದಿನಾ ಮಿಂದು, ಅವಳ ಪಕ್ಕ ಮೊಣಕಾಲೂರಿ, ಎರಡೂ ಕೈಯಿಂದ ಅವಳ ಮೊಣಕೈಯನ್ನು ಎತ್ತಿ ಹಿಡಿಯಬೇಕಾಯಿತು. ಆ ತೋಳು ಬಾಗಬಾರದ ಕಡೆ ಬಾಗುತ್ತಿತ್ತು. ಹೊರಗೆ ಗೆಳತಿಯರು ಕುಂಟಾಬಿಲ್ಲೆ ಆಡುತ್ತಿದ್ದರು. "ನಿನ್ನ ಕೈ ಬೆಚ್ಚಗ ಅವ ಮಗಳ, ನೋವು ಗೊತ್ತಾಗೂದಿಲ್ಲ," ಎನ್ನುತ್ತಿದ್ದಳು. ನನಗೆ ಆ ಮಾತು ಕೇಳಿದರೆ ಸಿಟ್ಟೇ ಬರುತ್ತಿತ್ತು. ನಾನಿಲ್ಲದೆ ಅವಳಿಗೆ ಊಟವಿಲ್ಲ, ಅವಳ ಪೂಜೆ ಮುಗಿಯದೆ ನನಗೆ ಬಿಡುಗಡೆಯಿಲ್ಲ. ಇಬ್ಬರೂ ಆ ಒಂದು ಮುರಿದ ಕೈಯಲ್ಲಿ ಸಿಕ್ಕಿಬಿದ್ದಿದ್ದೆವು.

ಮೂರನೆಯ ವರ್ಷ ಭಾಲ್ಕಿಯಿಂದ ನನ್ನ ಸೋದರಮಾವ ಬಂದ. ಬೀದರಿನ ಕೋಟೆ ತೋರಿಸುತ್ತೇನೆ, ಮುಂಜಾನೆಯ ಬಸ್ಸಿಗೇ ಹೋಗೋಣ ಎಂದ. ಮರುದಿನ ಬೆಳಗ್ಗೆ ಆಯಿಯ ದೃಷ್ಟಿ ಲಿಂಗದಿಂದ ಕದಲಲೇ ಇಲ್ಲ, ಪೂಜೆ ಮುಗಿಯುವಂತೆ ಕಾಣಲಿಲ್ಲ. ಹೊರಗಿನಿಂದ ಮಾವ, "ಬಸ್ ಬರ್ಲಕತ್ಯಾದ, ಬರ್ತಿಯೋ ಇಲ್ಲೋ?" ಎಂದ. ನಾನು ಕೈ ತೆಗೆದೆ. ಜಾರಿತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು, ತೆಗೆದೆ. ತೋಳು ದೊಪ್ಪನೆ ಕೆಳಗೆ ಬಿತ್ತು, ಲಿಂಗ ನೆಲಕ್ಕೆ ಬಿದ್ದು ಹೊಸ್ತಿಲವರೆಗೆ ಉರುಳಿತು. ನಾನು ಅದನ್ನು ದಾಟಿಯೇ ಓಡಿದೆ.

ಕೋಟೆಯಲ್ಲಿ ಏನು ನೋಡಿದೆನೋ ಒಂದೂ ನೆನಪಿಲ್ಲ. ಲಿಂಗ ನೆಲಕ್ಕೆ ಬೀಳುವುದು ನಮ್ಮಲ್ಲಿ ಸಣ್ಣ ಮಾತಲ್ಲ. ನಾನು ಸಂಜೆ ಬಂದಾಗ ಆಯಿ ಇನ್ನೂ ಬಾಯಿಗೆ ನೀರು ಹಾಕಿರಲಿಲ್ಲ. ಊರ ಐನೋರು ಬಂದು, ಲಿಂಗವನ್ನು ತೊಳೆದು, ಪೂಜಿಸಿ, ಅವಳ ಕೈಗೆ ಮರಳಿ ಕೊಡುತ್ತಿದ್ದರು. ಹೇಗಾಯಿತು ಎಂದು ಅವರು ಕೇಳಿದರು. "ನನ್ನ ಕೈನೇ ಸೋತದರಿ. ಕೂಸಿಂದ ಏನೂ ತಪ್ಪಿಲ್ಲ," ಎಂದಳು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಮರುದಿನ ಮಿಂದು ಹೋಗಿ ನೋಡಿದರೆ, ಇನ್ನೊಂದು ಮಣೆಯ ಮೇಲೆ ಜೋಳ ಅಳೆಯುವ ಹಿತ್ತಾಳೆಯ ಸೇರನ್ನು ಬೋರಲು ಹಾಕಿ, ಅದರ ಮೇಲೆ ಮೊಣಕೈ ಊರಿ ಕೂತಿದ್ದಳು. "ನೀ ಸಾಲಿಗಿ ಹೋಗು ಮಗಳ. ಈ ಸೇರಿಗಿ ಬಸ್ಸಿನ ಗಡಿಬಿಡಿ ಇಲ್ಲ," ಎಂದು ನಕ್ಕಳು. ಬೈದಿದ್ದರೆ ಅಂದಿಗೇ ಮುಗಿಯುತ್ತಿತ್ತು. ಮತ್ತೆ ಐದು ವರ್ಷ ಬದುಕಿದಳು, ಒಂದು ದಿನವೂ ಕೈ ಹಿಡಿಯಲು ನನ್ನನ್ನು ಕರೆಯಲಿಲ್ಲ. ನಾನು ಬಯಸಿದ ಬಿಡುಗಡೆ ಸಿಕ್ಕಿತ್ತು, ಅದರಿಂದ ಹೊರಬರಲು ಇಂದಿಗೂ ಆಗಿಲ್ಲ.

ನನ್ನ ತೋಳು ಮುರಿದದ್ದು ಕುಕ್ಕರಿನ ಮುಚ್ಚಳ ತಿರುಗಿಸುವಾಗ. ಎಲುಬು ಸವೆದಿದೆ ಎಂದು ಒಳಗೆ ರಾಡು ಹಾಕಿದರು. ಕೂಡಿತು, ಆದರೆ ಕೈಗೆ ಮೇಲೇಳುವಷ್ಟು ಬಲ ಬರಲಿಲ್ಲ. ಮನೆ ಪಾಲಾದಾಗ ಉಳಿದವರು ಹೊಲ, ಬಾವಿ ಎಂದು ಜಗ್ಗಾಡಿದರು, ನಾನು ಆ ಸೇರು ಕೇಳಿದ್ದೆ. ಈಗ ದಿನಾ ಅದನ್ನೇ ಬೋರಲು ಹಾಕಿಕೊಂಡು ಪೂಜೆಗೆ ಕೂಡುತ್ತೇನೆ. "ಅವ್ವಾ, ನಾ ಹಿಡೀಲೇನು?" ಎಂದು ಮಗಳು ಕೇಳುತ್ತಾಳೆ. "ಬ್ಯಾಡವ್ವ, ನಿನಗ ಹೊತ್ತಾಗ್ತದ," ಎನ್ನುತ್ತೇನೆ. ಅವಳು ಹೋದ ಮೇಲೆ ಮೊಣಕೈ ಊರುತ್ತೇನೆ. ಚಳಿಗಾಲದ ಬೆಳಗ್ಗೆ ಹಿತ್ತಾಳೆ ಎಷ್ಟು ತಣ್ಣಗಿರುತ್ತದೆ ಎಂದು ಆಯಿ ನನಗೆ ಒಮ್ಮೆಯೂ ಹೇಳಿರಲಿಲ್ಲ.