ಗಾಳಿ ಯಂತ್ರಕ್ಕೆ ಆಯುಧಪೂಜೆ

ಗುಂಡ್ಲುಪೇಟೆ ಕಡೆಯ ದೊಡ್ಡಮಾದಯ್ಯನಿಗೆ ಚಾಮರಾಜನಗರದ ಕಚೇರಿಯೊಂದರಲ್ಲಿ ಕಾವಲುಗಾರನ ಕೆಲಸ. ಗೇಟಿನ ಜೊತೆಗೆ ಅವನು ಕಾಯುತ್ತಿದ್ದದ್ದು ತಾರಸಿಯ ಮೇಲಿನ ಯಂತ್ರವನ್ನು. ಗಾಳಿಯಲ್ಲಿ ಎಷ್ಟು ಹೊಗೆ, ಎಷ್ಟು ದೂಳು ಎಂದು ಅದು ಅಳೆಯುತ್ತದೆ. ಅಳೆದ ಅಂಕಿ ಗೇಟಿನ ಬಳಿಯ ಬೋರ್ಡಿನಲ್ಲೂ ಬೆಂಗಳೂರಿನ ಸಾಹೇಬರ ಕಂಪ್ಯೂಟರಿನಲ್ಲೂ ಒಟ್ಟಿಗೇ ಮೂಡುತ್ತದೆ. ಅಂಕಿ ಕಡಿಮೆಯಿದ್ದಷ್ಟೂ ಗಾಳಿ ಚೊಕ್ಕಟ. ಐವತ್ತು ದಾಟದ ದಿನ ಬೋರ್ಡು ಹಸಿರು, ದೊಡ್ಡಮಾದಯ್ಯನ ಮೀಸೆ ಮೇಲಕ್ಕೆ.

ಐದು ವರ್ಷ ಅದರ ಪಕ್ಕ ಕೂತು ಕೂತು ಅವನ ಮೂಗೂ ಯಂತ್ರವಾಗಿಬಿಟ್ಟಿತ್ತು. ಬಸ್ಸು ಹತ್ತಿದರೆ ಸಾಕು, ಮೂಸಿ ನೋಡಿ ಮುಂದಿನ ಸೀಟಿಗೆ ಅರವತ್ತು, ಬೀಡಿ ಸೇದಿ ಬಂದವರ ಪಕ್ಕಕ್ಕೆ ನೂರಾ ಹತ್ತು ಎಂದು ಸಾರುತ್ತಿದ್ದ. ಗುಂಡ್ಲುಪೇಟೆ ಪಕ್ಕದ ಕಾಡಂಚಿನ ಮದ್ದೂರಿಗೆ, ಬೀಗರ ಮನೆಗೆ ಹೋದಾಗ ಕಾಡಿನ ಗಾಳಿಗೆ ಇಪ್ಪತ್ತು, ಬೀಗರ ಪಂಚೆಗೆ ತೊಂಬತ್ತು ಕೊಟ್ಟು ಊಟವಿಲ್ಲದೆ ವಾಪಸಾಗಿದ್ದ. ಹೆಂಡತಿ ಚಿಕ್ಕನಿಂಗಮ್ಮನ ಮೆಣಸಿನಕಾಯಿ ಒಗ್ಗರಣೆಗೆ ಇನ್ನೂರು ಕೊಟ್ಟ ದಿನ, ನಾಳೆಯಿಂದ ನೀನೇ ಹಾಕಿಕೋ ಎಂದು ಅವಳು ಸೌಟನ್ನು ಅವನ ಕೈಗಿತ್ತಳು.

ಆಯುಧಪೂಜೆ ಬಂತು. ಊರಿನ ಟ್ರ್ಯಾಕ್ಟರು, ಹೊಲಿಗೆ ಮಿಷನ್ನು, ಕಡೆಗೆ ಕಚೇರಿಯ ಜೆರಾಕ್ಸಿಗೂ ಪೂಜೆಯಾಗುವಾಗ, ಹಗಲಿರುಳು ದುಡಿಯುವ ತನ್ನ ಯಂತ್ರವನ್ನು ಸುಮ್ಮನೆ ಬಿಡಲು ಅವನಿಗೆ ಮನಸ್ಸಾಗಲಿಲ್ಲ. ಚೆಂಡುಹೂವಿನ ಹಾರ ಹಾಕಿದ, ವಿಭೂತಿ ಬಳಿದ. ಕೆಂಡದ ಮೇಲೆ ಎರಡು ಹಿಡಿ ಸಾಂಬ್ರಾಣಿ ಸುರಿದು, ಗಾಳಿ ಹೀರುವ ಕೊಳವೆಯ ಬಾಯಿಗೇ ಹಿಡಿದು ಕಣ್ಣು ಮುಚ್ಚಿ ಬೇಡಿಕೊಂಡ. ಯಂತ್ರವೂ ಅಷ್ಟೇ ಭಕ್ತಿಯಿಂದ ಹೀರಿತು. ಪೂಜೆ ದೇವರಿಗೆ ಮುಟ್ಟಿತೋ ಇಲ್ಲವೋ, ಬೆಂಗಳೂರಿಗಂತೂ ತಕ್ಷಣ ಮುಟ್ಟಿತು. ಕೆಳಗಿಳಿದು ನೋಡಿದರೆ ಬೋರ್ಡು ಕೆಂಪಾಗಿ ನಾನೂರ ಹನ್ನೆರಡು ಎನ್ನುತ್ತಿತ್ತು.

ಅಲ್ಲಿಯತನಕ ಹಾಯಾಗಿ ಉಸಿರಾಡುತ್ತಿದ್ದ ಜನ ಬೋರ್ಡು ನೋಡಿದ್ದೇ ಕೆಮ್ಮತೊಡಗಿದರು. ಎದುರಿನ ಟೀ ಅಂಗಡಿಯ ಅಜ್ಮತ್ ಉಲ್ಲಾ ಹಾಲಿನ ಪಾತ್ರೆಗೆ ಮುಚ್ಚಳ ಮುಚ್ಚಿದರು. ದೊಡ್ಡಮಾದಯ್ಯ ತಾರಸಿಗೆ ಓಡಿ, ಹಾರ ಕಿತ್ತು, ವಿಭೂತಿ ಒರೆಸಿ, ಟವೆಲ್ಲಿನಿಂದ ಬೀಸಿದ. ತೋಳು ನೋವು ಬಂತೇ ಹೊರತು ಬೆಂಗಳೂರಿಗೆ ಹೋದ ಅಂಕಿ ವಾಪಸು ಬರಲಿಲ್ಲ.

ರಜೆ ಮುಗಿದ ಮರುದಿನವೇ ಬೆಂಗಳೂರಿನಿಂದ ಅಧಿಕಾರಿ ಗಂಗಾಧರಸ್ವಾಮಿ ಬಂದರು. ಸುತ್ತ ಎಲ್ಲೂ ಬೆಂಕಿ ಬಿದ್ದಿರಲಿಲ್ಲ. ಹಾಗಾದರೆ ಯಂತ್ರವೇ ಕೆಟ್ಟಿದೆ, ಬಿಚ್ಚಿ ಕಳಿಸಿಬಿಡುವುದೇ ಸರಿ ಎಂದು ವರದಿ ಬರೆದು, ಕಾವಲುಗಾರನೂ ರುಜು ಹಾಕಲಿ ಎಂದು ಪೆನ್ನು ಚಾಚಿದರು. ರುಜು ಹಾಕಿದರೆ ಯಂತ್ರ ಹೋಗುತ್ತದೆ, ಅವನು ಗೇಟಿಗೆ ಉಳಿಯುತ್ತಾನೆ. ನಿಜ ಹೇಳಿದರೆ ಯಂತ್ರ ಉಳಿಯುತ್ತದೆ, ಅವನು ಮನೆಗೆ ಹೋಗುತ್ತಾನೆ. ದೊಡ್ಡಮಾದಯ್ಯ ಪೆನ್ನೇನೋ ಹಿಡಿದ, ಕೈ ಮಾತ್ರ ಮುಂದಕ್ಕೆ ಹೋಗಲಿಲ್ಲ.

“ಅದು ಕೆಟ್ಟಿಲ್ಲ ಕಣ್ ಸಾ,” ಎಂದ. “ಐದು ವರ್ಸದಿಂದ ಒಂದ್ ಸುಳ್ಳೇಳಿಲ್ಲ. ಸಾಂಬ್ರಾಣಿ ಆಕ್ಬುಟ್ಟೋನು ನಾನು. ಕಳ್ಸದಾದ್ರೆ ನನ್ನ ಕಳ್ಸಿ.”

ಗಂಗಾಧರಸ್ವಾಮಿ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿ ಕೆಮ್ಮಿದರು. ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. ಆಮೇಲೆ ಆ ವರದಿಯನ್ನು ಹರಿದು ಹಾಕಿ, ಹೊಸ ಹಾಳೆಯಲ್ಲಿ ಬರೆದು ಅವನ ಮುಂದಿಟ್ಟರು: ಯಂತ್ರ ಸುಸ್ಥಿತಿಯಲ್ಲಿದೆ, ಕಾವಲುಗಾರನೂ ನಂಬಿಕಸ್ಥ, ಇಬ್ಬರನ್ನೂ ಮುಂದುವರಿಸುವುದು.

ದೊಡ್ಡಮಾದಯ್ಯ ಅದನ್ನು ಎರಡು ಸಲ ಓದಿಕೊಂಡು, ಕಣ್ಣೊರೆಸಿಕೊಂಡು ರುಜು ಹಾಕಿದ.