ಗಾಜಿನ ಮೇಲೆ ಇಟ್ಟ ಕುಂಕುಮ

ನಡುಮಧ್ಯಾಹ್ನದ ಬಿಸಿಲಿನಲ್ಲಿ ಮನುಷ್ಯರ ಫೋಟೋ ತೆಗೆಯಬಾರದು. ಕಣ್ಣು ಗುಳಿಬೀಳುತ್ತದೆ, ಬೆವರಿದ ಹಣೆ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಶಿವಮೊಗ್ಗದಲ್ಲಿ ಸ್ಟುಡಿಯೋ ಇಟ್ಟಿದ್ದ ನನ್ನ ಸೋದರಮಾವನೇ ಇದನ್ನು ನನಗೆ ಕಲಿಸಿದವನು. ಆದರೆ ಅಂಗಡಿ ಮುಂದಿನ ಗಾಜಿನ ಕಪಾಟಿಗೆ ಹೊಸ ಚಿತ್ರ ಬೇಕು, ಭದ್ರಾವತಿಗೆ ಹೋಗಿ ಕಾರ್ಖಾನೆ ಗೇಟಿನ ಮುಂದೆ ಕೂತು ಮಾರುವವರನ್ನು ತೆಗೆದುಕೊಂಡು ಬಾ ಎಂದು ಅಟ್ಟಿದವನೂ ಅವನೇ. ಅಲ್ಲಿ ವ್ಯಾಪಾರ ಕಳೆಗಟ್ಟುವುದೇ ಮಧ್ಯಾಹ್ನ ಕಾರ್ಖಾನೆ ಕೂಗಿದ ಮೇಲೆ. ಸೂರ್ಯನಿಗೆ ಸ್ವಲ್ಪ ತಡೆಯಪ್ಪ ಎಂದು ನಾನು ಹೇಳಲಾದೀತೇ?

ಕಡಲೆಕಾಯಿಯವನು, ಮಜ್ಜಿಗೆಯವಳು, ಬಾಳೆಹಣ್ಣಿನವನು, ಎಲ್ಲರನ್ನೂ ತೆಗೆದೆ. ಮಂಡಕ್ಕಿ ಮಾರುವ ಹೆಂಗಸೊಬ್ಬಳಿದ್ದಳು. ಗಂಡ ಸತ್ತವಳು. ಹಣೆಗೆ ಬರೀ ವಿಭೂತಿ.

"ಬೇಗ ಮುಗ್ಸಣ್ಣ, ಜನ ಬರೋ ಹೊತ್ತು," ಎಂದು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಕೂತಳು. ಅಲುಗಾಡಲಿಲ್ಲ. ಚಿತ್ರ ಚೆನ್ನಾಗಿ ಬಂತು.

ಆಗ ಚಿತ್ರ ಮೂಡುತ್ತಿದ್ದುದು ಗಾಜಿನ ಪ್ಲೇಟಿನ ಮೇಲೆ. ಅದರಲ್ಲಿ ಕಪ್ಪು ಬಿಳುಪು ತಿರುವುಮುರುವು. ಗಾಜಿನ ಮೇಲೆ ಚೂರಿಯಿಂದ ಕೆರೆದ ಜಾಗ ಕಾಗದಕ್ಕೆ ಇಳಿಸಿದಾಗ ಕಪ್ಪಾಗಿ ಕಾಣುತ್ತದೆ. ಮಾವ ಕಿಟಕಿಯ ಬಳಿ ಕೂತು ಪ್ಲೇಟುಗಳನ್ನು ತಿದ್ದುತ್ತಿದ್ದ. ಹೆಂಗಸಿನ ಮುಖ ಬಂತೆಂದರೆ ಅವನ ಚೂರಿ ತಾನಾಗಿ ಹಣೆಗೆ ಹೋಗುತ್ತಿತ್ತು. ಬಿಸಿಲು ಕುಂಕುಮವನ್ನು ನುಂಗಿರುತ್ತದೆ, ನಾವು ಇಟ್ಟುಕೊಡದಿದ್ದರೆ ಮುತ್ತೈದೆಯ ಬೋಳುಹಣೆ ನೋಡಿ ಗಿರಾಕಿ ಅಪಶಕುನ ಅನ್ನುತ್ತಾನೆ ಎಂಬುದು ಅವನ ನಂಬಿಕೆ. ಈ ಹೆಂಗಸಿಗೂ ದುಂಡಗೆ ಒಂದು ಇಟ್ಟ. ಇವಳು ಯಾರು, ಏನು ಎಂದು ನನ್ನನ್ನೊಂದು ಮಾತು ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಬೇರೆ ಊರಿನ ಕೆಲಸ ಮುಗಿಸಿ ಬಂದು ನಾನು ನೋಡುವ ಹೊತ್ತಿಗೆ ಚಿತ್ರ ಕಪಾಟು ಸೇರಿ ಎಷ್ಟೋ ದಿನವಾಗಿತ್ತು.

ಅಷ್ಟರಲ್ಲೇ ಅವಳ ಮೈದುನ ಪೇಟೆಗೆ ಬಂದವನು ಅದನ್ನು ನೋಡಿ, ಒಂದು ಪ್ರತಿಯನ್ನೂ ಕೊಂಡುಹೋಗಿದ್ದ. ಒಂದು ಬೆಳಿಗ್ಗೆ ಅವಳೇ ಸ್ಟುಡಿಯೋ ಬಾಗಿಲಿಗೆ ಬಂದಳು.

"ನಾನು ಇಟ್ಕೊಳ್ಳದ ಕುಂಕುಮ ಎಲ್ಲಿಂದ ಬಂತಣ್ಣ? ಯಾರನ್ನೋ ಕೂಡ್ಕೊಂಡಿದಾಳೆ, ಇನ್ನು ನಮ್ಮಣ್ಣನ ಮನೇಲಿ ಇವಳಿಗೇನು ಕೆಲಸ ಅಂತ ಮೈದುನ ನಾಳೆ ನಮ್ಮ ಜನ್ನಾಪುರದಲ್ಲಿ ಪಂಚಾಯ್ತಿ ಸೇರಿಸ್ತಿದಾನೆ. ಮನೆ ಬಿಟ್ಟು ನಾನು ಎಲ್ಲಿಗೆ ಹೋಗ್ಲಿ?"

ಮಾವ ಕೈಲಿದ್ದ ಪ್ಲೇಟನ್ನು ಕೆರೆಯುತ್ತಲೇ ಇದ್ದ. ಅವಳು ಹೋದ ಮೇಲೆ, "ನಾವೇ ಬರೆದಿದ್ದು ಅಂದ್ರೆ ನಾಳೆ ನಮ್ಮ ಫೋಟೋ ಯಾರು ನಂಬ್ತಾರೆ ಮಾರಾಯ? ಸುಮ್ನಿರು," ಎಂದ.

ಈಗ ಬರೆಯುವಾಗಲೂ ನನಗೆ ಮೈ ಉರಿಯುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ. ತಪ್ಪು ಇವನ ಚೂರಿಯದು, ಬೀದಿಗೆ ಬೀಳಬೇಕಾದವಳು ಅವಳು. ಪ್ಲೇಟನ್ನು ಪಂಚೆಯಲ್ಲಿ ಸುತ್ತಿಕೊಂಡು, ಮರುದಿನ ಅವನಿಗೆ ಹೇಳದೆ ಭದ್ರಾವತಿಯ ರೈಲು ಹತ್ತಿದೆ.

ಜನ್ನಾಪುರದ ಒಂದು ಜಗಲಿಯ ಮೇಲೆ ಹಿರಿಯರು ಸೇರಿದ್ದರು. ಎಲ್ಲರೂ ಗೇಟಿನ ಮುಂದೆ ದಿನಾ ಓಡಾಡುವವರೇ, ಅವಳ ಮಂಡಕ್ಕಿ ತಿಂದವರೇ. ಆದರೂ ಫೋಟೋ ಕೈಯಿಂದ ಕೈಗೆ ಹೋಗುತ್ತಿತ್ತು. ಪ್ರತಿಯೊಬ್ಬನೂ ಅದನ್ನು ಕಣ್ಣಿನ ಹತ್ತಿರ ಹಿಡಿದು ತಲೆ ಆಡಿಸುತ್ತಿದ್ದ. ಅವಳು ಅಂಗಳದ ಕಂಬದ ಪಕ್ಕದಲ್ಲೇ ನಿಂತಿದ್ದಳು. ಅವಳ ಮುಖ ನೋಡುವ ವ್ಯವಧಾನ ಒಬ್ಬನಿಗೂ ಇರಲಿಲ್ಲ.

ನಾನು ಪ್ಲೇಟನ್ನು ಬೆಳಕಿಗೆ ಹಿಡಿದೆ. ಹಣೆಯ ಮೇಲೆ ಕೆರೆದ ಚುಕ್ಕೆಯಿಂದ ಬೆಳಕು ತೂರಿ ಬಂತು. ಉಗುರಾಡಿಸಿ ನೋಡಿ ಎಂದೆ. ಪಂಚಾಯ್ತಿಯ ಯಜಮಾನರು ಮುಟ್ಟಿದರು, ಗೀರು ಬೆರಳಿಗೆ ಸಿಕ್ಕಿತು. "ಇದು ಸ್ಟುಡಿಯೋದಲ್ಲಿ ಚೂರಿಯಿಂದ ಕೆರೆದದ್ದು. ಆ ದಿನ ಇವರ ಹಣೆ ಮೇಲೆ ಇದ್ದಿದ್ದು ವಿಭೂತಿ ಒಂದೇ," ಎಂದೆ. ಮೈದುನ ಏನೋ ಗೊಣಗಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಸರಿ, ಮನೆ ಅವಳಿಗೇ ಇರ್ಲಿ," ಎಂದರು ಯಜಮಾನರು. ಅಷ್ಟೇ. ಅಷ್ಟು ದಿನ ಅವಳ ಮೇಲೆ ಆಡಿದ ಮಾತಿಗೆ, ತಪ್ಪಾಯ್ತು ತಾಯಿ ಎನ್ನುವ ನಾಲಿಗೆ ಅಲ್ಲಿ ಒಂದೂ ಇರಲಿಲ್ಲ. ಯಜಮಾನರು ಪ್ಲೇಟನ್ನು ಇನ್ನೊಮ್ಮೆ ತಿರುಗಿಸಿ ನೋಡಿ, ತಮ್ಮ ನರೆತ ಮೀಸೆ ನೀವಿಕೊಂಡರು.

"ಹಂಗಾದ್ರೆ ಬೇಕಾದ ಕಡೆ ಕಪ್ಪು ಮಾಡಬಹುದು ಅನ್ನು. ಇನ್ನೊಂದ್ಸಲ ಕ್ಯಾಮೆರಾ ತಗೊಂಡು ಬಾರಪ್ಪ. ನಮ್ದೂ ಒಂದು ಫೋಟೋ ಆಗ್ಲಿ. ಮೀಸೆ ಮಾತ್ರ ಸ್ವಲ್ಪ ನೋಡ್ಕೊ."

ನಾನು ಪ್ಲೇಟನ್ನು ಅವರ ಕೈಯಿಂದ ತೆಗೆದುಕೊಂಡು ಮತ್ತೆ ಪಂಚೆಯಲ್ಲಿ ಸುತ್ತತೊಡಗಿದೆ. ಕಂಬದ ಪಕ್ಕದಿಂದ ಅವಳು ಮಾತಾಡಿದಳು. ದನಿ ಏರಿಸಲಿಲ್ಲ.

"ಮಾಡ್ಕೊಡಣ್ಣ. ಯಜಮಾನ್ರು ಇನ್ನೂ ಹುಡುಗ್ರು ಅಂತ ನಾನೂ ನಂಬ್ತೀನಿ. ದಿನಾ ಎದುರಿಗೇ ನೋಡಿದ್ದು ಈ ಊರಲ್ಲಿ ಯಾವ ಲೆಕ್ಕಕ್ಕೂ ಇಲ್ವಲ್ಲ."