ಟೋಕನ್ ಹಿಂದೆ ಬಂದ ಹೊತ್ತು

ದೇಶದ ಬ್ಯಾಂಕುಗಳು ವರ್ಷದಿಂದ ವರ್ಷಕ್ಕೆ ಎಷ್ಟು ಚುರುಕಾಗುತ್ತಿವೆ ಎಂದು ಅಳೆಯುವ ಹುರುಪು ಎಪ್ಪತ್ತರ ದಶಕದ ಕೊನೆಗೆ ಬೆಳ್ಳಾರೆಯ ನಮ್ಮ ಪುಟ್ಟ ಶಾಖೆಗೂ ಬಂದು ತಲುಪಿತು. ಮುಖ್ಯ ಕಚೇರಿಯವರು ಒಂದು ಉದ್ದನೆಯ ಫಾರಂ ಕಳಿಸಿದ್ದರು. ಹಣ ತೆಗೆಯಲು ಬಂದವರಿಗೆ ಹಿತ್ತಾಳೆಯ ಟೋಕನ್ ಕೊಟ್ಟ ಹೊತ್ತನ್ನು ಒಂದು ಕಡೆ, ಅವರು ಅದನ್ನು ಕ್ಯಾಶಿಯರ ಕೈಗೆ ಹಿಂದೆ ಕೊಟ್ಟು ಹಣ ಪಡೆದ ಹೊತ್ತನ್ನು ಇನ್ನೊಂದು ಕಡೆ ಬರೆಯಬೇಕು. ಒಂದು ವಾರದ ಕೆಲಸ. ನಾನು ಸೇರಿ ನಾಲ್ಕು ತಿಂಗಳಾಗಿತ್ತು, ಇನ್ನೂ ಖಾಯಂ ಆಗಿರಲಿಲ್ಲ. ಕೈಯಲ್ಲಿ ಹೊಸ ವಾಚು ಇದ್ದದ್ದು ಕಂಡೋ ಏನೋ, ಮ್ಯಾನೇಜರು ಆ ಫಾರಂ ನನಗೇ ಕೊಟ್ಟರು.

ಆದರೆ ನಮ್ಮ ಕಡೆಯವರ ಪಾಲಿಗೆ ಟೋಕನ್ ಎಂದರೆ ಕಾಯುವುದಕ್ಕೆ ಕೊಟ್ಟದ್ದಲ್ಲ, ಕಾಯದೆ ಇರುವುದಕ್ಕೆ ಕೊಟ್ಟದ್ದು! ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರೆ ಸರದಿ ಭದ್ರ. ಕ್ಷೌರ ಮಾಡಿಸಿಕೊಂಡು, ಹೋಟೆಲಿನಲ್ಲಿ ಚಹಾ ಕುಡಿದು, ಊರ ಸುದ್ದಿಯೆಲ್ಲ ಕೇಳಿ, ಬಸ್ಸಿನ ಹೊತ್ತಿಗೆ ಸರಿಯಾಗಿ ಬರುತ್ತಿದ್ದರು. ಹಣ ಇಟ್ಟುಕೊಂಡು ಪೇಟೆ ಸುತ್ತುವುದಕ್ಕಿಂತ ಟೋಕನ್ ಇಟ್ಟುಕೊಂಡು ಸುತ್ತುವುದು ಕ್ಷೇಮವಲ್ಲವೇ? ಒಬ್ಬರಂತೂ ಟೋಕನ್ ಸಮೇತ ಪುತ್ತೂರಿಗೆ ಹೋಗಿ ಮರುದಿನ ಬಂದಿದ್ದರು.

ನಾನು ಬರೆಯುವುದನ್ನು ನೋಡಿ ನಮ್ಮ ಕ್ಯಾಶಿಯರು ಮೇಜಿನ ಹತ್ತಿರ ಬಂದರು. ಐವತ್ತು ದಾಟಿದ ಮನುಷ್ಯ. ಹೆಂಡತಿ ತೀರಿಹೋಗಿದ್ದರು. ಒಬ್ಬಳೇ ಮಗಳು, ಆ ವರ್ಷ ಹತ್ತನೇ ತರಗತಿ. ಶಾಲೆ ಬಿಟ್ಟ ಮೇಲೆ ಅವಳು ಬ್ಯಾಂಕಿನ ಹಿಂದಿನ ಜಗಲಿಯಲ್ಲಿ ಪುಸ್ತಕ ಹಿಡಿದು ಕೂರುವುದು, ಇವರು ನಡುನಡುವೆ ಎದ್ದು ಹೋಗಿ ಗಣಿತ ಹೇಳಿಕೊಡುವುದು ನಡೆದೇ ಇತ್ತು.

“ಇವರೆಲ್ಲ ಕಾದದ್ದಲ್ಲ ಮಾರಾಯ್ರೆ, ತಿರುಗ್ಲಿಕ್ಕೆ ಹೋದದ್ದು. ಅದನ್ನು ಬದಿಯಲ್ಲಿ ಬರೀರಿ,” ಎಂದರು.

ನನಗೋ ಮೂಗಿನ ತುದಿಯಲ್ಲೇ ಕೋಪ. “ಫಾರಮಿನಲ್ಲಿ ಬದಿ ಅಂತ ಇಲ್ಲ. ಕೇಳಿದ್ದಕ್ಕೆ ಮಾತ್ರ ಬರೆಯುದು,” ಎಂದೆ. ಅವರು ನಕ್ಕು ತಮ್ಮ ಕೌಂಟರಿಗೆ ಹೋದರು. ಫಾರಂ ಹಾಗೆಯೇ ಅಂಚೆಗೆ ಹೋಯಿತು.

ಎರಡು ತಿಂಗಳಲ್ಲಿ ಉತ್ತರ ಬಂತು. ನಮ್ಮದು ಎಲ್ಲಕ್ಕಿಂತ ನಿಧಾನದ ಶಾಖೆ, ಕಾರಣ ತಿಳಿಸಬೇಕು ಎಂದು. ಮ್ಯಾನೇಜರೂ ಕ್ಯಾಶಿಯರೂ ಬಾಗಿಲು ಹಾಕಿಕೊಂಡು ಮಾತಾಡಿದರು. ನಾನು ಹೊರಗೆ ಬಾಗಿಲನ್ನೇ ನೋಡುತ್ತಾ ಕೂತೆ. ನನ್ನನ್ನು ಯಾರೂ ಒಳಗೆ ಕರೆಯಲಿಲ್ಲ. ಸ್ವಲ್ಪ ದಿನದಲ್ಲೇ ಕ್ಯಾಶಿಯರಿಗೆ ವರ್ಗವಾಯಿತು, ಗುಲ್ಬರ್ಗಾದ ಕಡೆಗೆ. ಬ್ಯಾಂಕಿನವರಿಗೆ ವರ್ಗವೇನು ಹೊಸತೇ ಎಂದು ನಾನು ನನಗೇ ಹೇಳಿಕೊಂಡೆ. ಪರೀಕ್ಷೆ ಹತ್ತಿರವಿದ್ದ ಮಗಳನ್ನು ಸುಳ್ಯದಲ್ಲಿ ತಮ್ಮ ತಂಗಿಯ ಮನೆಯಲ್ಲಿ ಬಿಟ್ಟು ಅವರು ಹೋದರು. ಹೊರಟ ದಿನ ಅವಳು ಬಸ್ಸಿನ ಹತ್ತಿರವೂ ಬರಲಿಲ್ಲ.

ಎಂಬತ್ತರ ದಶಕದ ನಡುವಿಗೆ ನಾನು ಪುತ್ತೂರಿನಲ್ಲಿ ಅಧಿಕಾರಿಯಾಗಿದ್ದೆ. ಹಳೆಯ ವರ್ಷಗಳನ್ನೂ ಹೊಸ ವರ್ಷಗಳನ್ನೂ ಹೋಲಿಸಿ ವರದಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಸುತ್ತಲಿನ ಶಾಖೆಗಳಲ್ಲೆಲ್ಲ ಅತಿ ಹೆಚ್ಚು ಸುಧಾರಿಸಿದ್ದು ಬೆಳ್ಳಾರೆ. ಸುಧಾರಿಸದೆ ಏನು? ಅಳತೆ ಶುರುವಾಗುವುದೇ, ಪೇಟೆ ಸುತ್ತಿದ ಹೊತ್ತನ್ನೂ ಕಾದ ಹೊತ್ತೆಂದು ಬರೆದ ನನ್ನ ಆ ಒಂದು ವಾರದಿಂದ. ಆಮೇಲೆ ಬಂದ ಮ್ಯಾನೇಜರು ‘ಟೋಕನ್ ಹೊರಗೆ ಒಯ್ಯಬಾರದು’ ಎಂದು ಒಂದು ಬೋರ್ಡು ಬರೆಸಿದ್ದರು, ಅಷ್ಟೆ. ಅದಕ್ಕೆ ಮೆಚ್ಚುಗೆಯ ಪತ್ರವೂ ಫೈಲಿನಲ್ಲಿತ್ತು. ಅದರ ಕೆಳಗೆ ಒಂದು ಹಳೆಯ ಕಾಗದ, ನಮ್ಮ ಕ್ಯಾಶಿಯರ ಕೈಬರಹದ ಎರಡೇ ಸಾಲು: ವಿಳಂಬಕ್ಕೆ ನನ್ನ ಕೈಯ ನಿಧಾನವೇ ಕಾರಣ, ಬೇರೆ ಯಾರ ತಪ್ಪೂ ಇಲ್ಲ.

ನಾಚಿಕೆಯಾಯಿತು. ಅವರು ಈಗ ಎಲ್ಲಿದ್ದಾರೆಂದು ಆ ದಿನವೇ ವಿಚಾರಿಸಿದೆ.

ಅವರು ನಿವೃತ್ತರಾಗಿ ರಾಮಕುಂಜದಲ್ಲಿ ಮಗಳ ಜೊತೆ ಇದ್ದರು. ಅವಳು ಅಲ್ಲೇ ಶಾಲೆಯಲ್ಲಿ ಟೀಚರು. ಶನಿವಾರ ಮಧ್ಯಾಹ್ನ ಹೋದೆ. ಕಾಗದದ ವಿಷಯ ಎತ್ತಿದ್ದೇ ಅವರು ಕೈ ಆಡಿಸಿಬಿಟ್ಟರು.

“ಹೋಗ್ಲಿ ಬಿಡಿ. ಟೋಕನಿನ ಕತೆ ಹೇಳಿದ್ರೆ, ಗೊತ್ತಿದ್ದೂ ಯಾಕೆ ಹಾಗೆ ಬರೆದದ್ದು ಅಂತ ನಿಮ್ಮನ್ನು ಹಿಡೀತಿದ್ರು. ಖಾಯಂ ಆಗ್ಲಿಕ್ಕೆ ಇತ್ತಲ್ಲ ನಿಮಗೆ.” ಮತ್ತೆ ದನಿ ತಗ್ಗಿಸಿ, “ಮಗಳ ಹತ್ರ ಹೇಳುದು ಬೇಡ. ಅಪ್ಪನಿಗೆ ಕೆಲಸ ಬರ್ತಿರಲಿಲ್ಲ, ಅದಕ್ಕೆ ಎತ್ತಿ ಹಾಕಿದ್ದು ಅಂತ ಉಂಟು ಅವಳ ತಲೆಯಲ್ಲಿ. ಇರ್ಲಿ,” ಎಂದರು.

ಅಷ್ಟರಲ್ಲಿ ಅವಳೇ ಬಂದಳು. ಬೇಡ ಎಂದದ್ದನ್ನು ಬಿಡುವ ಜಾಯಮಾನ ನನ್ನದಲ್ಲ. ಅವಳು ಚಪ್ಪಲಿ ಬಿಡುವಷ್ಟರಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ತಪ್ಪು ನನ್ನದು, ನಿಮ್ಮ ಅಪ್ಪನದ್ದಲ್ಲ ಎಂದೆ.

ಅವಳು ಅಪ್ಪನ ಮುಖವನ್ನೇ ನೋಡಿದಳು. “ನನಗೆ ಪರೀಕ್ಷೆ ಇತ್ತಲ್ಲ. ಆಗ ನನ್ನ ನೆನಪಾಗ್ಲಿಲ್ವಾ ನಿಮಗೆ?”

“ನಿನ್ನದೇ ನೆನಪಾದ್ದು,” ಎಂದರು ಅವರು. “ಇವರು ನಿನಗಿಂತ ಐದಾರು ವರ್ಷಕ್ಕೆ ದೊಡ್ಡವರು ಅಷ್ಟೆ. ಕೆಲಸ ಹೋದ್ರೆ ಎಂತ ಮಾಡುದು?”

ಅವಳು ನನ್ನ ಕಡೆ ತಿರುಗಲಿಲ್ಲ. ಅಪ್ಪನ ಕಾಲ ಬಳಿ ನೆಲದ ಮೇಲೆ ಕೂತಳು.

“ಇಷ್ಟು ವರ್ಷ ನಿಮ್ಮ ಹತ್ರ ಸರಿಯಾಗಿ ಮಾತೇ ಆಡ್ಲಿಲ್ಲ ನಾನು,” ಎಂದಳು.